ಹುಳು ಸಾಯಬೇಕು, ನೂಲು ಉಳಿಯಬೇಕು

ಹೋದ ತಿಂಗಳು ಒಂದು ನಾಮಕರಣಕ್ಕೆಂದು ಬೆಂಗಳೂರಿನ ಹತ್ತಿರದ ವಿಜಯಪುರಕ್ಕೆ ಹೋಗಿದ್ದೆ. ದೇವನಹಳ್ಳಿ ದಾಟಿ ಊರು ಹತ್ತಿರವಾದಾಗ ಯಾವುದೋ ಸಂದಿಯಿಂದ ರೇಷ್ಮೆಗೂಡು ಬೇಯುವ ವಾಸನೆ ಕಾರಿನೊಳಗೆ ನುಗ್ಗಿತು. ಸತ್ತ ಹುಳು, ಬಿಸಿನೀರು, ಒಲೆಯ ಹೊಗೆ ಮೂರೂ ಸೇರಿದ ವಾಸನೆ ಅದು. ಒಮ್ಮೆ ಸೀರೆಗೆ ಹತ್ತಿದರೆ ಎರಡು ಸಲ ಒಗೆದರೂ ಹೋಗುವುದಿಲ್ಲ. ಪಕ್ಕದಲ್ಲಿದ್ದ ತಮ್ಮನ ಮಗಳು ಮೂಗು ಮುಚ್ಚಿಕೊಂಡು ತನ್ನ ಕಡೆಯ ಗಾಜು ಏರಿಸಿದಳು. ನಾನು ನನ್ನ ಕಡೆಯದನ್ನು ಪೂರ್ತಿ ಇಳಿಸಿದೆ.

"ಅತ್ತೆ, ನಿಮಗೆ ವಾಸನೆ ಬರ್ತಿಲ್ವಾ?"

"ಬರ್ತಿದೆ. ಅದಕ್ಕೇ ಇಳಿಸಿದ್ದು."

ಮನೆಗೆ ಮರಳಿದ ಮೇಲೆ ಹಳೆಯ ದಿನಚರಿಯನ್ನು ಹುಡುಕಿ ತೆಗೆದೆ. ಎಪ್ಪತ್ತರ ದಶಕದ ಮೊದಲ ವರ್ಷಗಳದು. ರಟ್ಟು ಕಿತ್ತಿದೆ, ಶಾಯಿ ಉಳಿದಿದೆ. ಆ ಒಂದು ಮಳೆಗಾಲದ ಕಥೆಯನ್ನು ನಾನು ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನನಗೆ ನೆನಪಿರುವುದು ಮಳೆಗಾಲವೋ ಅಥವಾ ಹೇಳಿ ಹೇಳಿ ನುಣುಪಾದ ಕಥೆಯೋ ಎಂಬ ಅನುಮಾನ ಬಂದಿದೆ. ಅದಕ್ಕೇ ಇದನ್ನು ಬರೆಯುವಾಗ ದಿನಚರಿಯನ್ನು ಪಕ್ಕದಲ್ಲೇ ತೆರೆದಿಟ್ಟುಕೊಂಡಿದ್ದೇನೆ. ಅದೂ ನಾನೂ ಒಪ್ಪದ ಕಡೆ, ಒಪ್ಪಲಿಲ್ಲ ಎಂದೇ ಹೇಳುತ್ತೇನೆ.

ಆಗ ನನಗೆ ಇಪ್ಪತ್ತಾರು ವರ್ಷ. ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ದೇವನಹಳ್ಳಿಯ ಹತ್ತಿರದ ಒಂದು ಧರ್ಮಾಸ್ಪತ್ರೆಯ ಲ್ಯಾಬಿಗೆ ಸೇರಿದ್ದೆ. ಆ ಆಸ್ಪತ್ರೆ ಈಗಿಲ್ಲ, ಆ ಜಾಗದಲ್ಲಿ ಹೋಟೆಲ್ಲೊಂದು ಎದ್ದಿದೆ. ಲ್ಯಾಬು ಎಂದರೆ ಹಿಂದೆ ಉಗ್ರಾಣವಾಗಿದ್ದ ಕೋಣೆ. ಒಂದು ಮೈಕ್ರೋಸ್ಕೋಪು, ಕೀಟಾಣುಗಳನ್ನು ಬೆಳೆಸುವ ಬೆಚ್ಚನೆಯ ಪೆಟ್ಟಿಗೆ, ನೀರನ್ನು ಒಂದೇ ಬಿಸಿಯಲ್ಲಿ ಇಡಬೇಕಾಗಿದ್ದ ವಿದ್ಯುತ್ತಿನ ತೊಟ್ಟಿ, ಕಿಟಕಿಯಾಚೆ ಒಂದು ಚಕ್ಕೋತದ ಮರ. ನಾನು ಡಾಕ್ಟರಲ್ಲ. ಆದರೂ ಬಂದವರೆಲ್ಲ ಡಾಕ್ಟ್ರಮ್ಮ ಎನ್ನುತ್ತಿದ್ದರು. ಮೊದಲ ವಾರ ತಿದ್ದಿದೆ, ಎರಡನೆಯ ವಾರ ಸುಮ್ಮನಾದೆ. ಮೂರನೆಯ ವಾರದಿಂದ ನನಗೂ ಹಿತವಾಗಿತ್ತು ಎಂದು ದಿನಚರಿ ನಾಚಿಕೆಯಿಲ್ಲದೆ ಹೇಳುತ್ತಿದೆ.

ನಿಜವಾದ ಡಾಕ್ಟರು ವಾಸುದೇವಯ್ಯನವರು. ಐವತ್ತು ದಾಟಿದ ಶಸ್ತ್ರವೈದ್ಯರು, ಎತ್ತರದ ಆಳು, ಮಾತು ಕಡಿಮೆ. ಆಷಾಢದ ಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ ಅವರು ಲ್ಯಾಬಿನ ಬಾಗಿಲಲ್ಲಿ ನಿಂತು, "ಸರೋಜ, ಎಲ್ಲಾ ತಟ್ಟೆಗಳನ್ನೂ ಒಂದು ಕಡೆ ಜೋಡಿಸು" ಅಂದರು. ವಾರ್ಡಿನ ಆರು ಜನರ ಗಾಯದಿಂದ ತೆಗೆದ ಕೀವನ್ನು ನಾನು ಗಾಜಿನ ತಟ್ಟೆಗಳಲ್ಲಿ ಬೆಳೆಸಿದ್ದೆ. ಆರೂ ತಟ್ಟೆಗಳಲ್ಲಿ ಒಂದೇ ಬೆಳೆ: ನೋಡಲು ಚಂದವೇ ಆದ, ಹೊನ್ನಿನ ಬಣ್ಣದ ದುಂಡು ಚುಕ್ಕೆಗಳು. ತಟ್ಟೆಯ ಮೇಲೆ ಔಷಧಿಯಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನು ಇಡುವುದು ಪದ್ಧತಿ. ಔಷಧಿಗೆ ಬಗ್ಗುವ ಕೀಟಾಣುವಾದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಬೋಳಾಗಿರುತ್ತದೆ. ಇಲ್ಲಿ ಪೆನಿಸಿಲಿನ್ನಿನ ಬಿಲ್ಲೆಗೆ ಒತ್ತಿಕೊಂಡು ಚುಕ್ಕೆಗಳು ಬೆಳೆದಿದ್ದವು. ಸ್ಟ್ರೆಪ್ಟೊಮೈಸಿನ್ನಿಗೂ ಹಾಗೇ, ಟೆಟ್ರಾಸೈಕ್ಲಿನ್ನಿಗೂ ಹಾಗೇ.

"ಈ ಆರು ಜನರೂ ಬೇರೆ ಬೇರೆ ಊರಿನೋರು ಸಾರ್" ಅಂದೆ.

"ಹ್ಞೂಂ. ಕೀಟಾಣು ಮಾತ್ರ ನಮ್ಮನೇದು" ಅಂದರು. ಬರುವಾಗ ಇಲ್ಲದ್ದನ್ನು ರೋಗಿಗಳು ನಮ್ಮ ಆಸ್ಪತ್ರೆಯಲ್ಲೇ ಹತ್ತಿಸಿಕೊಳ್ಳುತ್ತಿದ್ದರು. ಅಷ್ಟು ಹೇಳುವಾಗ ಅವರ ಮುಖ ಹೇಗಿತ್ತೆಂದು ನಾನು ಬರೆದಿಟ್ಟಿಲ್ಲ. ಬರೆಯಲು ಮನಸ್ಸು ಬಂದಿರಲಿಕ್ಕಿಲ್ಲ.

ಆರರಲ್ಲಿ ಐದು ಜನ ಹೇಗೋ ನಿಧಾನವಾಗಿ ಸುಧಾರಿಸುವ ಲಕ್ಷಣವಿತ್ತು. ಆರನೆಯವನು ಬೂದಿಗೆರೆಯ ಪೋಸ್ಟ್‌ಮ್ಯಾನ್ ಮುನಿಶಾಮಪ್ಪ. ಮಳೆಯಲ್ಲಿ ಸೈಕಲ್ ಸಮೇತ ಮೋರಿಗೆ ಬಿದ್ದು, ಬಲಗಾಲಿನ ಮೂಳೆ ಮುರಿದು ಹೊರಗೆ ಬಂದಿತ್ತು. ಬಿದ್ದಾಗ ಟಪಾಲಿನ ಚೀಲವನ್ನು ನೀರಿಗೆ ತಾಗದಂತೆ ತಲೆಯ ಮೇಲೆ ಹಿಡಿದುಕೊಂಡಿದ್ದನಂತೆ. ಇದು ಅವನೇ ಹೇಳಿದ್ದು, ಬೇರೆ ಸಾಕ್ಷಿಯಿಲ್ಲ. ಡಾಕ್ಟರು ಮೂಳೆ ಕೂಡಿಸಿದರು, ಆಮೇಲೆ ಗಾಯಕ್ಕೆ ನಮ್ಮ ಕೀಟಾಣು ಸೇರಿತು, ಮೂಳೆಯವರೆಗೂ ಇಳಿಯಿತು. ಹೊಸದಾಗಿ ಬಂದಿದ್ದ ಒಂದು ಔಷಧಿಯನ್ನು ಬೆಂಗಳೂರಿನಿಂದ ಸಿಕ್ಕಷ್ಟು ತರಿಸಿ ಕೊಟ್ಟರು. ಕೊಡುತ್ತಿರುವಾಗ ಕೀವು ಕಡಿಮೆಯಾಯಿತು, ಮುಗಿದ ವಾರಕ್ಕೆ ಮತ್ತೆ ಶುರುವಾಯಿತು.

ಮೂವತ್ತೆರಡು ವರ್ಷದ ಗಂಡಸು. ಮದುವೆಯಾಗಿರಲಿಲ್ಲ. ತಾಯಿ ತೀರಿದ ಮೇಲೆ ಸಾಕಿದ್ದ ಅಕ್ಕ ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದಳು. ಕಾಲು ಹಾಗಿದ್ದರೂ ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಅವನ ಬದಲು ಬಂದಿದ್ದ ಪೋಸ್ಟ್‌ಮ್ಯಾನ್ ಕಾಗದ ಕೊಟ್ಟು ಹೋಗುತ್ತಿದ್ದನೇ ಹೊರತು ಓದಿ ಹೇಳುತ್ತಿರಲಿಲ್ಲ. ಹಾಗಾಗಿ ಸುತ್ತಲಿನ ಹಳ್ಳಿಯ ಹೆಂಗಸರು ಕಾಗದ ಹಿಡಿದುಕೊಂಡು ನೇರ ವಾರ್ಡಿಗೆ ಬಂದು ಅವನ ಮಂಚದ ಮೇಲೆ ಕೂರುತ್ತಿದ್ದರು. ಅವನು ಓದಿ, ಅರ್ಥ ಹೇಳಿ, ಉತ್ತರವನ್ನೂ ಬರೆದುಕೊಡುತ್ತಿದ್ದ.

"ಇದು ಆಸ್ಪತ್ರೆನಾ, ಪೋಸ್ಟಾಫೀಸಾ?" ಎಂದು ನರ್ಸ್ ಸಿಸ್ಟರ್ ಆಗ್ನೆಸ್ ಕೂಗುತ್ತಿದ್ದರು.

"ಸಿಸ್ಟ್ರೇ, ನಿಮ್ಗೂ ಒಂದು ಕಾಗ್ದ ಬರ್ಲಿ ಇರಿ, ಆಗ ನನ್ನ ಬೆಲೆ ತಿಳೀತದೆ" ಎನ್ನುತ್ತಿದ್ದ.

ಗೌರಿ ಹಬ್ಬದ ಹಿಂದುಮುಂದು ಡಾಕ್ಟರು ಅವನ ಅಕ್ಕನನ್ನೂ ನನ್ನನ್ನೂ ಕರೆದು ಅವನೆದುರಿಗೇ ಹೇಳಿದರು. "ದೀಪಾವಳಿವರೆಗೆ ನೋಡ್ತೀನಿ. ಅಷ್ಟರೊಳಗೆ ಮೂಳೆಯಿಂದ ಕೀವು ಬರೋದು ನಿಲ್ಲದಿದ್ರೆ ಮೊಣಕಾಲಿನ ಕೆಳಗೆ ತೆಗೆಯೋದೇ. ಬಿಟ್ರೆ ವಿಷ ಮೈಗೇರುತ್ತೆ."

ಮುನಿಶಾಮಪ್ಪ ಆ ದಿನ ತಮಾಷೆ ಮಾಡಲಿಲ್ಲ. "ಕಾಲಿಲ್ದೋನಿಗೆ ಬೀಟು ಯಾರ್ ಕೊಡ್ತಾರೆ ಸಾ?" ಎಂದಷ್ಟೇ ಕೇಳಿದ. ಟಪಾಲು ಹಂಚುತ್ತ ದಿನಕ್ಕೆ ಏಳು ಹಳ್ಳಿಯ ಬೀಟು ಸುತ್ತುವ ಮನುಷ್ಯ.

ಅಂದು ಮಧ್ಯಾಹ್ನ ಡಾಕ್ಟರು ಲ್ಯಾಬಿಗೆ ಬಂದು ಸ್ಟೂಲಿನ ಮೇಲೆ ಕೂತರು. "ಔಷಧಿ ಕೈಲಿ ಆಗ್ತಿಲ್ಲ. ಅವನ ಮೈಯನ್ನೇ ಎಬ್ಬಿಸ್ಬೇಕು. ಅವನ ಗಾಯದ ಕೀಟಾಣುವನ್ನೇ ಬೆಳೆಸಿ, ಕೊಂದು, ಲಸಿಕೆ ಮಾಡಿ ಅವನಿಗೇ ಹಾಕೋಣ. ನಾನು ಓದೋವಾಗ ನಮ್ಮ ಮೇಷ್ಟ್ರು ಮತ್ತೆ ಮತ್ತೆ ಕುರು ಏಳೋರಿಗೆ ಹೀಗೆ ಮಾಡ್ತಿದ್ರು. ಪೆನಿಸಿಲಿನ್ ಬಂತು, ಎಲ್ಲರೂ ಮರೆತ್ರು."

ನನಗೆ ಆದ ಸಂತೋಷವನ್ನು ಇಲ್ಲಿ ಮುಚ್ಚಿಡಲಾರೆ. ಒಬ್ಬ ಮನುಷ್ಯನ ಕಾಲು ಹೋಗುವ ಹೊತ್ತಿನಲ್ಲಿ ನಾನು ಕುಣಿದಾಡುವಷ್ಟು ಖುಷಿಯಾಗಿದ್ದೆ. ರೋಗಿಯ ಹೆಸರನ್ನೇ ಬರೆಯದೆ "ಲಸಿಕೆ! ನಾನು!" ಎಂದು ಒಂದೇ ಸಾಲು ಬರೆದುಕೊಂಡಿದ್ದೇನೆ. ಇಪ್ಪತ್ತಾರರ ವಯಸ್ಸನ್ನು ಕ್ಷಮಿಸಬಹುದೋ ಏನೋ.

ಕೆಲಸ ಕೇಳಲು ಸುಲಭ. ಕೀಟಾಣುವನ್ನು ಬೆಳೆಸಿ, ಉಪ್ಪುನೀರಿನಲ್ಲಿ ತೊಳೆದು ಸೀಸೆಗೆ ಇಳಿಸಬೇಕು. ಆ ಸೀಸೆಯನ್ನು ಅರುವತ್ತು ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಡಬೇಕು. ಬಿಸಿ ಕೆಳಗಿಳಿದರೆ ಕೆಲವು ಸಾಯದೆ ಉಳಿಯುತ್ತವೆ. ತೀರ ಮೇಲೇರಿದರೆ ಕೀಟಾಣುವಿನ ಮೈ ಕೆಟ್ಟು, ರಕ್ತಕ್ಕೆ ಅದರ ಗುರುತೇ ಸಿಗುವುದಿಲ್ಲ. ಆಮೇಲೆ ಒಂದು ತೊಟ್ಟನ್ನು ತಟ್ಟೆಗೆ ಬಳಿದು ಎರಡು ದಿನ ಕಾಯಬೇಕು. ಏನೂ ಬೆಳೆಯದಿದ್ದರೆ ಎಲ್ಲ ಸತ್ತಿವೆ ಎಂದು ಅರ್ಥ.

ಮೊದಲ ಸೀಸೆಯನ್ನು ವಿದ್ಯುತ್ತಿನ ತೊಟ್ಟಿಯಲ್ಲಿ ಇಟ್ಟೆ. ಹೊರಗೆ ಗುಡುಗು. ನಡುವೆ ಕರೆಂಟು ಹೋಗಿ, ಬಂದು, ಮತ್ತೆ ಮಂಕಾಯಿತು. ಥರ್ಮಾಮೀಟರು ಐವತ್ತೆರಡಕ್ಕೆ ಇಳಿದಿದ್ದನ್ನು ನೋಡಿದೆ. ಕರೆಂಟು ಬಂದ ಮೇಲೆ ಹತ್ತು ನಿಮಿಷ ಹೆಚ್ಚು ಇಟ್ಟು, ಸರಿಹೋಯಿತು ಎಂದುಕೊಂಡೆ. ಮಾರನೆಯ ದಿನ ತಟ್ಟೆ ಶುಭ್ರವಾಗಿತ್ತು. ಓಣಿಯಲ್ಲಿ ಮುನಿಶಾಮಪ್ಪನ ಅಕ್ಕ ಸಿಕ್ಕಿದಳು. ಅವಳನ್ನು ಅವನು ಅಕ್ಕಯ್ಯ ಎನ್ನುತ್ತಿದ್ದ, ಹಾಗಾಗಿ ನಾವೂ ಎಲ್ಲರೂ ಅಕ್ಕಯ್ಯ ಎನ್ನುತ್ತಿದ್ದೆವು. "ಆ ಹಾಳು ಹುಳ ಸತ್ತ್ವಾ ಡಾಕ್ಟ್ರಮ್ಮ?" ಎಂದು ಕೇಳಿದಳು. "ಸತ್ತಿವೆ, ನಾಳೆ ಸೂಜಿ ಹಾಕ್ತೀವಿ" ಎಂದುಬಿಟ್ಟೆ.

ಇಲ್ಲಿ ನನ್ನ ಕಥೆಗೂ ದಿನಚರಿಗೂ ಜಗಳ. ನಾನು ಇಷ್ಟು ವರ್ಷ ಹೇಳುತ್ತ ಬಂದಿದ್ದು ಹೀಗೆ: ಎರಡನೆಯ ದಿನವೂ ತಪ್ಪದೆ ತಟ್ಟೆ ನೋಡಿದೆ, ದೋಷ ಕಂಡುಹಿಡಿದೆ, ಎಲ್ಲರನ್ನೂ ತಡೆದೆ. ದಿನಚರಿಯಲ್ಲಿ ಇರುವುದು ಹೀಗೆ: ಎರಡನೆಯ ದಿನ ಬೆಳಿಗ್ಗೆ ನಾನು ತಟ್ಟೆ ನೋಡದೆಯೇ ಸಿರಿಂಜು ಕುದಿಸಲು ಇಟ್ಟಿದ್ದೆ. ಡಾಕ್ಟರು, "ತಟ್ಟೆ ಮತ್ತೆ ನೋಡಿದೆಯಾ?" ಎಂದರು. "ನೋಡಿದೆ ಸಾರ್" ಎಂದೆ. ಹೇಳಿದ ಮೇಲೆ ಹೋಗಿ ಪೆಟ್ಟಿಗೆ ತೆಗೆದೆ. ತಟ್ಟೆಯ ಅಂಚಿನಲ್ಲಿ ಸಾಸಿವೆಕಾಳಿನಷ್ಟು, ಒಂದೇ ಒಂದು ಹೊನ್ನಿನ ಚುಕ್ಕೆ.

ತಟ್ಟೆಯನ್ನು ತಂದು ಅವರ ಮುಂದೆ ಇಟ್ಟೆ. ಅವರು ಚುಕ್ಕೆಯನ್ನು ನೋಡಿದರು, ನನ್ನನ್ನು ನೋಡಿದರು. "ಈಗ ನೋಡಿದೀಯ" ಎಂದರು. ಅಷ್ಟೇ. ಜೀವವಿರುವ ಕೀಟಾಣುವನ್ನು ನನ್ನ ಕೈಯಾರೆ ಮುನಿಶಾಮಪ್ಪನ ಮೈಗೆ ಸೇರಿಸುವವಳಿದ್ದೆ. ಈ ಮಾತನ್ನು ಐವತ್ತು ವರ್ಷದಲ್ಲಿ ಇದೇ ಮೊದಲು ಬರೆದು ಹೇಳುತ್ತಿದ್ದೇನೆ.

ಅವನಿಗೆ ಹೇಳುವುದೂ ನನ್ನ ಪಾಲಿಗೇ ಬಂತು. ಅಂಗಿಯ ತೋಳು ಮಡಚಿಕೊಂಡು ಸೂಜಿಗೆ ಸಿದ್ಧನಾಗಿ ಕೂತಿದ್ದ. "ಇವತ್ತಿಲ್ಲ ಮುನಿಶಾಮಪ್ಪ. ಪೂರ್ತಿ ಸತ್ತಿಲ್ಲ" ಎಂದೆ.

"ಹಂಗಾರೆ ನನ್ನಂಗೇ ಗಟ್ಟಿ ಜಾತಿ" ಎಂದು ನಗಲು ನೋಡಿದ. ಅಕ್ಕಯ್ಯ ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಹಿಂದೆಯೇ ಚಕ್ಕೋತದ ಮರದ ತನಕ ಬಂದಳು. ಗಿಡ್ಡ ದೇಹ, ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆಳ್ಳಗೆ ಸುಕ್ಕಾದ ಬೆರಳುಗಳು, ಆ ಬೇಯುವ ಗೂಡಿನ ವಾಸನೆ.

"ನೆನ್ನೆ ಸತ್ತ್ವು ಅಂದ್ರಲ್ಲ?"

"ತಪ್ಪಾಯ್ತು ಅಕ್ಕಯ್ಯ. ಕರೆಂಟು ಹೋಗಿ ಬಿಸಿ ಇಳಿದ್ಬಿಡ್ತು."

"ಅದಕ್ಯಾಕಮ್ಮ ಇಷ್ಟು ಪೇಚಾಟ? ಗಳಗಳ ಅಂತ ಕುದಿಸ್ಬುಡಿ, ಅವುಗಳ ಅಪ್ಪನೂ ಸಾಯ್ತಾನೆ."

"ಕುದಿಸಿದ್ರೆ ಸಾಯ್ತವೆ, ಆದ್ರೆ ರೂಪ ಕೆಟ್ಟೋಗುತ್ತೆ. ಮುನಿಶಾಮಪ್ಪನ ರಕ್ತಕ್ಕೆ ಅದರ ಗುರುತು ಸಿಗ್ಬೇಕಲ್ಲ. ಜೀವ ಹೋಗ್ಬೇಕು, ರೂಪ ಇರ್ಬೇಕು."

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು, ದಡ್ಡ ಮಗುವನ್ನು ನೋಡುವಂತೆ. "ಅಂದ್ರೆ ಹುಳು ಸಾಯ್ಬೇಕು, ನೂಲು ಉಳೀಬೇಕು. ಅಷ್ಟೇ ತಾನೆ?"

ಅಷ್ಟೇ ಎಂದೆ. ಅವಳು ಮುಂದುವರಿಸಿದಳು. "ಗೂಡಿನ ಒಳಗಿರೋ ಹುಳುನ ಸಾಯಿಸದಿದ್ರೆ ಚಿಟ್ಟೆ ಆಗಿ ತೂತು ಕೊರ್ಕೊಂಡು ಬರ್ತದೆ, ನೂಲೆಲ್ಲ ತುಂಡು. ಬಿಸಿ ಜಾಸ್ತಿ ಮಾಡಿದ್ರೆ ನೂಲು ಸುಟ್ಟು ಮುದ್ದೆ. ಎಂಟು ವರ್ಷದೋಳಾಗಿದ್ದಾಗಿಂದ ಇದೇ ಕೆಲ್ಸ ಕಣಮ್ಮ. ನಮ್ಮನೇಲಿ ಯಾವ ಕರೆಂಟೈತೆ?"

ವಿಶ್ವವಿದ್ಯಾಲಯದಲ್ಲಿ ಲಸಿಕೆಯ ಬಗ್ಗೆ ಎರಡು ವರ್ಷ ಕೇಳಿದ ಪಾಠಗಳಲ್ಲಿ ಯಾರೂ ಅದನ್ನು ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ. ಅವಳು ಹೇಳಿದ್ದು ಇವೇ ಪದಗಳಲ್ಲಿ ಎಂದು ಆಣೆ ಮಾಡಬಲ್ಲೆ, ದಿನಚರಿಯಲ್ಲಿ ಕೆಳಗೆ ಗೆರೆ ಎಳೆದು ಬರೆದಿದ್ದೇನೆ.

ಮಾರನೆಯ ದಿನ ಥರ್ಮಾಮೀಟರನ್ನು ಹತ್ತಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಅವಳ ಮನೆಗೆ ಹೋದೆ. ತಗ್ಗಿದ ಹೆಂಚಿನ ಮನೆ, ಮುಂದಿನ ಕೋಣೆಯಲ್ಲೇ ನೂಲು ತೆಗೆಯುವ ಚರಕ. ಒಲೆ ಒಂದು ತಗಡಿನ ಡಬ್ಬ. ನಡುವೆ ಬಾಟಲು ನಿಲ್ಲಿಸಿ ಸುತ್ತ ಭತ್ತದ ಹೊಟ್ಟನ್ನು ಗಟ್ಟಿಯಾಗಿ ಗಿಡಿದು, ಬಾಟಲು ಎತ್ತಿ, ಬುಡದಿಂದ ಕಿಡಿ ಹಚ್ಚುತ್ತಾರೆ. ಜ್ವಾಲೆಯಿಲ್ಲ, ಆರ್ಭಟವಿಲ್ಲ. ಗಂಟೆಗಟ್ಟಲೆ ಒಂದೇ ಸಮ ಉರಿಯುತ್ತದೆ. ಬುಡದ ಬಾಯಿಗೆ ಹೆಂಚಿನ ಚೂರು ಅಡ್ಡ ಸರಿಸಿದರೆ ಬಿಸಿ ಇಳಿಯುತ್ತದೆ, ಸರಿಸಿದ್ದನ್ನು ತೆಗೆದರೆ ಏರುತ್ತದೆ.

"ನಿಮ್ಮ ಅರುವತ್ತು ಅಂದ್ರೆ ಎಷ್ಟು, ತೋರ್ಸಿ" ಎಂದಳು. ನೀರು ಅರುವತ್ತಕ್ಕೆ ಬಂದಾಗ ಹೇಳಿದೆ. ಅವಳು ಬೆರಳ ತುದಿಯನ್ನು ಚಕ್ಕನೆ ಅದ್ದಿ ತೆಗೆದು, ನಾಲಗೆಯಲ್ಲಿ ರುಚಿ ನೋಡಿದವಳಂತೆ ತಲೆಯಾಡಿಸಿದಳು. ಆಮೇಲೆ ನೀರು ಚೆಲ್ಲಿ, ಹೊಸ ನೀರು ಹಾಕಿ, ನನ್ನನ್ನು ಗೋಡೆಯ ಕಡೆ ತಿರುಗಿ ನಿಲ್ಲಿಸಿದಳು. "ಈಗ ಬಂತು ನಿಮ್ಮ ಅರುವತ್ತು" ಎಂದಾಗ ತಿರುಗಿ ಥರ್ಮಾಮೀಟರು ಇಟ್ಟೆ. ಐವತ್ತೊಂಬತ್ತೂವರೆ. ಇನ್ನೆರಡು ಸಲ ಮಾಡಿಸಿದೆ, ಎರಡು ಸಲವೂ ಒಂದು ಡಿಗ್ರಿಯ ಒಳಗೇ ಬಂತು.

"ಅರ್ಧ ಕಮ್ಮಿ ಆಯ್ತಂತೆ ಅಂತ ಮುನಿಗನಿಗೆ ಹೇಳ್ಬೇಡಿ, ಸಾಯೋವರ್ಗೂ ಆಡ್ಕೊಂತಾನೆ" ಎಂದಳು.

ಜೀವವಿರುವ ಕೀಟಾಣುವನ್ನು ಬಸ್ಸಿನಲ್ಲಿ ಒಯ್ಯುವ ಹಾಗಿಲ್ಲ. ಒಲೆಯೇ ಆಸ್ಪತ್ರೆಗೆ ಬರಬೇಕಾಯಿತು. ತಲೆಯ ಮೇಲೆ ಹೊಟ್ಟಿನ ಮೂಟೆ, ಕಂಕುಳಲ್ಲಿ ತಗಡಿನ ಡಬ್ಬ ಹಿಡಿದು ಅವಳು ಬೆಳಗಿನ ಬಸ್ಸಿನಿಂದ ಇಳಿದಳು. "ಏನಕ್ಕಯ್ಯ, ಆಸ್ಪತ್ರೇಲಿ ಮದ್ವೆ ಅಡ್ಗೆನಾ?" ಎಂದು ಕಂಡಕ್ಟರು ಕೇಳಿದನಂತೆ. "ಹ್ಞೂಂ, ನಮ್ಮ ತಮ್ಮಂದು. ಊಟಕ್ಕೆ ಬಾ" ಎಂದಳಂತೆ.

ಚಕ್ಕೋತದ ಮರದ ಕೆಳಗೆ ಒಲೆ ಹೂಡಿದೆವು. ಆಸ್ಪತ್ರೆಯದೇ ಅಗಲ ಬಾಯಿಯ ಪಾತ್ರೆ, ಅದರೊಳಗೆ ತಂತಿಯ ಬುಟ್ಟಿಯಲ್ಲಿ ಬಿಗಿಯಾಗಿ ಮುಚ್ಚಿದ ಸೀಸೆ, ಪಕ್ಕದಲ್ಲಿ ಥರ್ಮಾಮೀಟರು. ಅರುವತ್ತಕ್ಕೆ ಬಂತು, ಗಡಿಯಾರ ನೋಡಿಕೊಂಡೆ. ಹತ್ತು ನಿಮಿಷವಾಗಿರಬಹುದು, ಮಳೆ ಶುರುವಾಯಿತು. ಡಾಕ್ಟರು ರೌಂಡ್ಸ್ ಬಿಟ್ಟು ಕೊಡೆ ಹಿಡಿದು ಓಡಿಬಂದರು.

"ಡಾಕ್ಟ್ರೇ, ಕೊಡೆ ಈ ಕಡೆ! ನಿಮ್ಮ ತಲೆಗಲ್ಲ, ಒಲೆಗೆ!"

ಐವತ್ತು ದಾಟಿದ ಶಸ್ತ್ರವೈದ್ಯರು ಐವತ್ತು ನಿಮಿಷ ಬಗ್ಗಿ ಒಲೆಗೆ ಕೊಡೆ ಹಿಡಿದು ನಿಂತರು. ಕನ್ನಡಕದಿಂದ ನೀರು ತೊಟ್ಟಿಕ್ಕುತ್ತಿತ್ತು. ಸೊಂಟ ನೋವೆಂದು ಕೈ ಬದಲಿಸಿದರೆ ಅಕ್ಕಯ್ಯ ಗದರುತ್ತಿದ್ದಳು. ಹೆಂಚಿನ ಚೂರನ್ನು ಕೂದಲೆಳೆಯಷ್ಟು ಆ ಕಡೆ, ಈ ಕಡೆ. ಒಮ್ಮೆ ಅರುವತ್ತೊಂದಾಯಿತು, ನಾನು ಬಾಯಿ ತೆರೆಯುವ ಮೊದಲೇ ಅವಳು ಅಂಗೈಯಲ್ಲಿ ತಣ್ಣೀರು ಚಿಮುಕಿಸಿದ್ದಳು. ವಾರ್ಡಿನ ಕಿಟಕಿಗಳಲ್ಲೆಲ್ಲ ತಲೆಗಳು. ಮಂಚವನ್ನೇ ಕಿಟಕಿಗೆ ಎಳೆಸಿಕೊಂಡಿದ್ದ ಮುನಿಶಾಮಪ್ಪ ಕೂಗುತ್ತಿದ್ದ: "ಅಕ್ಕಯ್ಯ, ಉಪ್ಪು ಹಾಕಿದ್ಯಾ?"

"ಮುಚ್ಚೋ ಬಾಯಿ, ನಿನ್ನ ಕಾಲೇ ಬೇಯ್ತಾ ಇರೋದು!"

ಇಡೀ ಆಸ್ಪತ್ರೆ ನಕ್ಕಿತು ಎಂದು ನನ್ನ ನೆನಪು. ದಿನಚರಿಯಲ್ಲಿ "ಮಳೆ. ಕೊಡೆ. ಡಾಕ್ಟರು ಬೈಸಿಕೊಂಡರು. ೬೦, ಒಂದು ಗಂಟೆ" ಎಂದಷ್ಟೇ ಇದೆ. ಈ ಒಂದು ಕಡೆ ನಾನು ನೆನಪನ್ನೇ ನಂಬುತ್ತೇನೆ.

ಆ ಸಲ ತಟ್ಟೆಯನ್ನು ದಿನಕ್ಕೆ ನಾಲ್ಕು ಸಲ ನೋಡಿದೆ. ಎರಡು ದಿನ ಸಾಕಾಗಿದ್ದರೂ ಮೂರನೆಯ ದಿನವೂ ಇಟ್ಟೆ. ಏನೂ ಬೆಳೆಯಲಿಲ್ಲ. ಡಾಕ್ಟರು ಮೊದಲ ಸೂಜಿಯನ್ನು ತಮಗೇ ಹಾಕಿಸಿಕೊಂಡರು. ಎರಡನೆಯದನ್ನು ನಾನು ಹಟ ಮಾಡಿ ಹಾಕಿಸಿಕೊಂಡೆ, ಒಂದು ಸುಳ್ಳಿನ ಬಾಕಿಯಿತ್ತು. ತೋಳು ಎರಡು ದಿನ ಕೆಂಪಗೆ ಊದಿತ್ತು.

"ನನ್ನ ಹುಳ ನಿಮ್ಮ ಮೈಗೂ ಸೇರ್ತಲ್ಲ, ಇನ್ಮೇಲೆ ನಾವು ನೆಂಟ್ರು ಕಣಮ್ಮ" ಎಂದು ಮುನಿಶಾಮಪ್ಪ ಹಿಗ್ಗಿದ.

ಆಮೇಲೆ ಅವನಿಗೆ. ಮೊದಲು ಒಂದು ತೊಟ್ಟು, ನಾಲ್ಕು ದಿನ ಬಿಟ್ಟು ಅದರ ಎರಡರಷ್ಟು, ಹೀಗೆ ಏರಿಸುತ್ತಾ ಹೋದೆವು. ಮೊದಲ ಎರಡು ವಾರ ಏನೂ ಆಗಲಿಲ್ಲ. ಅಕ್ಕಯ್ಯ ಪ್ರತಿದಿನ ಬಂದು ಬ್ಯಾಂಡೇಜಿನ ಮೇಲಿನ ಕಲೆ ನಿನ್ನೆಗಿಂತ ದೊಡ್ಡದೋ ಸಣ್ಣದೋ ಎಂದು ಬೆರಳಿನಲ್ಲಿ ಅಳೆಯುತ್ತಿದ್ದಳು. ದಸರೆಯ ಹೊತ್ತಿಗೆ ಸಂಜೆಯ ಜ್ವರ ನಿಂತಿತು. ಒಂದು ದಿನ ಗಾಯದಿಂದ ಅಕ್ಕಿಕಾಳಿನಷ್ಟು ಸತ್ತ ಮೂಳೆಯ ಚೂರು ತಾನಾಗಿಯೇ ಹೊರಬಂತು. ಅದಾದ ಮೇಲೆ ಕೀವು ತೆಳುವಾಯಿತು. ಕಲೆ ಅಂಗೈಯಗಲದಿಂದ ಹೆಬ್ಬೆರಳಿನಗಲಕ್ಕೆ ಬಂತು.

ಇಲ್ಲಿ ಮತ್ತೊಂದು ಮಾತು ಹೇಳದೆ ಹೋದರೆ ಸರಿಯಲ್ಲ. ಅದೇ ವಾರಗಳಲ್ಲಿ ಡಾಕ್ಟರು ಅವನನ್ನು ವಾರ್ಡಿನಿಂದ ಹಿಂದಿನ ಒಂಟಿ ಕೋಣೆಗೆ ಸಾಗಿಸಿದ್ದರು. ಕಾಗದ ಓದಿಸಲು ಬರುವವರು ಕಿಟಕಿಯಾಚೆ ನಿಲ್ಲಬೇಕಾಗಿತ್ತು. ಸಿಸ್ಟರ್ ಆಗ್ನೆಸ್ ಒಂದೊಂದು ಗಾಯಕ್ಕೂ ಬೇರೆ ತಟ್ಟೆ, ಬೇರೆ ಚಿಮಟ ಇಟ್ಟು, ನಡುವೆ ಮೊಣಕೈವರೆಗೆ ಕೈ ತೊಳೆಯತೊಡಗಿದ್ದರು. ಹಾಗಾದರೆ ಗುಣ ಮಾಡಿದ್ದು ಯಾವುದು? ನಾನು ಆಗಲೇ ಕೇಳಿದ್ದೆ.

"ಸಾರ್, ಲಸಿಕೆಯಿಂದಲೇ ಅಲ್ವಾ?"

"ಗೊತ್ತಿಲ್ಲ" ಎಂದರು ಡಾಕ್ಟರು. "ಇಂಥದೇ ಇನ್ನೊಬ್ಬ ಮುನಿಶಾಮಪ್ಪನನ್ನ ಸೂಜಿ ಹಾಕದೆ ಪಕ್ಕದಲ್ಲಿ ಇಟ್ಟಿದ್ರೆ ಗೊತ್ತಾಗ್ತಿತ್ತು. ಇನ್ನೊಬ್ಬನನ್ನ ತಡ್ಕೊಳ್ಳೋ ಶಕ್ತಿ ನಿನಗಿದೆಯಾ?"

ಆ ಋತುವಿನಲ್ಲಿ ಇನ್ನೂ ಮೂವರಿಗೆ ಅವರವರ ಲಸಿಕೆ ಮಾಡಿದೆವು, ಮೂರೂ ಅಕ್ಕಯ್ಯನ ಒಲೆಯ ಮೇಲೆಯೇ. ಒಬ್ಬರಿಗೆ ವಾಸಿಯಾಯಿತು, ಒಬ್ಬರಿಗೆ ಏನೂ ವ್ಯತ್ಯಾಸವಾಗಲಿಲ್ಲ, ಒಬ್ಬರು ನಡುವೆಯೇ ಮನೆಗೆ ಹೋದರು. ಇದನ್ನು ಪುರಾವೆ ಎನ್ನಲಾಗದು. ಆ ಹೊನ್ನಿನ ಚುಕ್ಕೆಯ ಕೀಟಾಣುವಿಗೆ, ಎಲ್ಲ ರೋಗಿಗಳಿಗೂ ಕೊಡಬಹುದಾದ ಲಸಿಕೆಯನ್ನು ಜಗತ್ತು ಇನ್ನೂ ಹುಡುಕುತ್ತಲೇ ಇದೆ. ಅದರ ಸುದ್ದಿ ಪತ್ರಿಕೆಯಲ್ಲಿ ಬಂದರೆ ಈಗಲೂ ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ನಾವು ಮಾಡಿದ್ದು ವಿಜ್ಞಾನವೋ ಪುಣ್ಯವೋ ಎಂದು ಯಾರಾದರೂ ಕೇಳಿದರೆ ಡಾಕ್ಟರು ಕೊಟ್ಟ ಉತ್ತರವನ್ನೇ ಕೊಡುತ್ತೇನೆ. ಆದರೆ ಆ ವಾರಗಳಲ್ಲಿ ಪ್ರತಿ ಬೆಳಿಗ್ಗೆ ಲ್ಯಾಬಿಗೆ ನಾನು ನಡೆದು ಹೋಗುತ್ತಿರಲಿಲ್ಲ, ಹೆಚ್ಚುಕಡಿಮೆ ಓಡುತ್ತಿದ್ದೆ.

ನರಕ ಚತುರ್ದಶಿಯ ಹಿಂದಿನ ದಿನ ಡಾಕ್ಟರು ಬ್ಯಾಂಡೇಜು ಬಿಚ್ಚಿದರು. ನಾನು, ಸಿಸ್ಟರ್, ಅಕ್ಕಯ್ಯ ಮೂವರೂ ಮಂಚದ ಸುತ್ತ. ಹತ್ತಿಯ ಮೇಲೆ ಕಲೆಯಿರಲಿಲ್ಲ. ಗಾಯದ ಸುತ್ತ ಹೆಬ್ಬೆರಳಿನಿಂದ ಒತ್ತಿದರು, ಮತ್ತೆ ಒತ್ತಿದರು. ಮುನಿಶಾಮಪ್ಪ ಮುಖ ಕಿವುಚಿದ, ಏನೂ ಬರಲಿಲ್ಲ. ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಏನ್ ಸಾ, ಯಾವ ಕಡೆ ಕತ್ತರಿಸ್ತೀರಾ?" ಎಂದು ಅವನು ಕೇಳಿದ.

"ಉಗುರು ಕತ್ತರಿಸ್ಕೋ. ಬಹಳ ಉದ್ದ ಆ‍ಗಿದೆ" ಎಂದರು ಡಾಕ್ಟರು. "ಮೂಳೆ ಕೂಡ್ತಾ ಇದೆ."

ಅಕ್ಕಯ್ಯ ಆ ಕಾಲಿನ ಹೆಬ್ಬೆರಳನ್ನು ಹಿಡಿದು ಒಮ್ಮೆ ಜೋರಾಗಿ ಎಳೆದಳು, ಇದೆಯೋ ಇಲ್ಲವೋ ನೋಡುವವಳಂತೆ. "ಅಯ್ಯಯ್ಯೋ!" ಎಂದು ಅವನು ಕಿರುಚಿದ. ಆ ಕಿರುಚಾಟಕ್ಕೆ ಸಿಸ್ಟರ್ ಆಗ್ನೆಸ್ ಶಿಲುಬೆಯ ಗುರುತು ಮಾಡಿಕೊಂಡು ನಗತೊಡಗಿದರು. ಆಮೇಲೆ ಎಲ್ಲರಿಗೂ ನಗು ಹತ್ತಿಕೊಂಡಿತು.

ಅವನು ಮನೆಗೆ ಹೊರಟಿದ್ದು ರಾಗಿ ಕಟಾವಿನ ಹೊತ್ತಿಗೆ. ಮಂಜು ಇನ್ನೂ ಕರಗದ ಬೆಳಿಗ್ಗೆ. ಎರಡು ವಾರ ಕೋಲು ಹಿಡಿದು ಅಭ್ಯಾಸ ಮಾಡಿದ್ದ. ಬಸ್ ನಿಲ್ದಾಣ ಆಸ್ಪತ್ರೆಯಿಂದ ಒಂದು ಫರ್ಲಾಂಗು. ಜಟಕಾ ಕರೆಸುತ್ತೇನೆಂದು ಡಾಕ್ಟರು ಹೇಳಿದರೆ ಅಕ್ಕಯ್ಯ ಒಪ್ಪಲಿಲ್ಲ. ಅವನ ಹಾಸಿಗೆಯ ಗಂಟು, ಬಟ್ಟೆಯ ಗಂಟು ಎರಡನ್ನೂ ತಾನೇ ಹೊತ್ತು ಗೇಟು ದಾಟಿದಳು. ಹಿಂದೆ ಅವನು. ನಾನೂ ಡಾಕ್ಟರೂ ಗೇಟಿನಲ್ಲಿ ನಿಂತು ನೋಡುತ್ತಿದ್ದೆವು.

ಮೊದಲ ಹತ್ತು ಹೆಜ್ಜೆಗಳನ್ನು ನಾನು ಎಣಿಸಿದೆ. ಬಲಗಾಲು ಇಡುವಾಗ ಸ್ವಲ್ಪ ವಾಲುತ್ತಿದ್ದ, ಬೀಳುತ್ತಿರಲಿಲ್ಲ. ಅಕ್ಕಯ್ಯ ತಿರುಗಿಯೂ ನೋಡದೆ ದಿನದ ವೇಗದಲ್ಲೇ ಹೋಗುತ್ತಿದ್ದಳು. ಇಬ್ಬರ ನಡುವಿನ ದೂರ ಬೆಳೆಯುತ್ತಾ ಹೋಯಿತು. ಡಾಕ್ಟರು ಕೂಗಿ ಅವಳನ್ನು ನಿಲ್ಲಿಸಬೇಕೆಂದು ಕೈಯೆತ್ತಿದರು, ಯಾಕೋ ಇಳಿಸಿದರು.

"ಅಕ್ಕಯ್ಯ, ವಸಿ ನಿಧಾನ!" ಎಂದು ಮುನಿಶಾಮಪ್ಪ ಕೂಗಿದ.

ಅವಳು ನಿಲ್ಲಲಿಲ್ಲ. ಮುಂದೆ ನೋಡಿಕೊಂಡೇ, ನಮಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ನಿಧಾನ ಯಾಕೋ? ಎರಡು ಕಾಲೈತಲ್ಲ, ಬಾ!"